ಆಯಿಲ್ ಇಳಿಸಿದ ಬೆಳಿಗ್ಗೆ

ನನ್ನ ತಂಗಿಯ ಮಗಳಿಗೆ ಕಿವಿ ಚುಚ್ಚಿದ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾಗಿದ್ದವನು ನಾನು. ನಾನು ಹೋಗಲಿಲ್ಲ. ಹೋಗಲಾಗಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಕಾರಿನ ಆಯಿಲ್ ಇಳಿಸಿದ್ದೆ, ಹೊಸದು ಹಾಕುವಷ್ಟರಲ್ಲಿ ಹೊತ್ತು ಮೀರಿತು ಎಂದೆ. ಆಯಿಲ್ ಇಳಿಸಿದ್ದು ನಿಜ. ಹೋಗಬಾರದು ಎಂದೇ ಇಳಿಸಿದ್ದೆ. ಆ ಕೊನೆಯ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನಾವು ಕುರಿ ಮೇಯಿಸುವ ಜನ. ಮೊರಪ್ಪೂರಿನಿಂದ ಹರೂರಿಗೆ ಹೋಗುವ ರಸ್ತೆಯಲ್ಲಿ ಒಳಗೆ ತಿರುಗಿದರೆ ನಮ್ಮೂರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ನಾನು ಓದಿದ್ದು ಐದನೇ ಕ್ಲಾಸಿನವರೆಗೆ, ಅದೂ ತಮಿಳು ಸ್ಕೂಲಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಆಮೇಲೆ, ಲಾರಿಯಲ್ಲಿ ಕ್ಲೀನರ್ ಆಗಿ ಮೈಸೂರು, ಹುಬ್ಬಳ್ಳಿ ಕಡೆ ಹೋಗುತ್ತಿದ್ದಾಗ. ಲೋಡು ಇಳಿಯುವವರೆಗೆ ಮಾಡಲು ಬೇರೆ ಕೆಲಸವಿರುತ್ತಿರಲಿಲ್ಲ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಇಡ್ಲಿ ಕಟ್ಟಿಕೊಟ್ಟ ಪೇಪರು, ಸಿಕ್ಕಿದ್ದನ್ನೆಲ್ಲ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಅವ್ವ ಆಡುತ್ತಿದ್ದ ಮಾತು ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿರುವುದನ್ನು ಮೊದಲ ಸಲ ಓದಿದಾಗ ಪರವೂರಿನಲ್ಲಿ ನಮ್ಮವರು ಯಾರೋ ಸಿಕ್ಕಂತಾಗಿತ್ತು.

ಆಯಿಲ್ ಬದಲಾಯಿಸುವುದನ್ನು ಕಲಿತದ್ದೂ ಆ ಲಾರಿಯ ಅಡಿಯಲ್ಲೇ. ಕೆಲಸ ದೊಡ್ಡದಲ್ಲ, ಆದರೆ ಅವಸರ ಆಗದು. ಮೊದಲು ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಆಯಿಲನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಬೆಚ್ಚಗಿದ್ದರೆ ತಳದ ಕೊಳೆಯನ್ನೂ ಎಳೆದುಕೊಂಡು ಸರಾಗವಾಗಿ ಇಳಿಯುತ್ತದೆ. ತೀರಾ ಕಾದಿದ್ದರೆ ಕೈ ಸುಡುತ್ತದೆ. ಗಾಡಿಯನ್ನು ಜಾಕಿ ಕೊಟ್ಟು ಎತ್ತಿದ ಮೇಲೆ ಜಾಕಿಯನ್ನೇ ನಂಬಿ ಕೆಳಗೆ ಮಲಗಬಾರದು, ಮರದ ದಿಮ್ಮಿ ಕೊಡಬೇಕು. ಇಂಜಿನ್ನಿನ ಹೊಟ್ಟೆಗೆ ನಾವು ಚೇಂಬರ್ ಅನ್ನುತ್ತೇವೆ, ಅದರ ತಳದಲ್ಲಿ ಒಂದು ನಟ್ಟು ಇರುತ್ತದೆ. ಅದನ್ನು ಸ್ಪ್ಯಾನರಿನಿಂದ ಸಡಿಲಿಸಿ, ಕೊನೆಯ ಸುತ್ತನ್ನು ಬೆರಳಿನಲ್ಲಿ ತಿರುಗಿಸಿ, ಕೈಯನ್ನು ಥಟ್ಟನೆ ಪಕ್ಕಕ್ಕೆ ತೆಗೆಯಬೇಕು. ಧಾರೆ ಹನಿಯಾಗಿ, ಹನಿ ನಿಲ್ಲುವವರೆಗೆ ಕಾಯಬೇಕು. ಕಾಯದವನ ಗಾಡಿಯಲ್ಲಿ ಹಳೆಯದು ಒಳಗೇ ಉಳಿದು ಹೊಸದನ್ನೂ ಕೆಡಿಸುತ್ತದೆ.

ಲಾರಿ ಬಿಟ್ಟು ಊರಿಗೆ ಬಂದು ಒಂದು ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡೆ. ಸುತ್ತಲ ಹಳ್ಳಿಯವರನ್ನು ಧರ್ಮಪುರಿ ಆಸ್ಪತ್ರೆಗೋ, ಸೇಲಂಗೋ, ಮದುವೆಗೋ ಬಾಡಿಗೆಗೆ ಕರೆದುಕೊಂಡು ಹೋಗುತ್ತಿದ್ದೆ. ಆಯಿಲನ್ನು ಮನೆಯ ಮುಂದಿನ ಬೇವಿನ ಮರದ ಕೆಳಗೆ ನಾನೇ ಬದಲಿಸುತ್ತಿದ್ದೆ. ಟಾರ್ಚ್ ಹಿಡಿಯುವುದು ನನ್ನ ಹೆಂಡತಿ. ಕುಕ್ಕರುಗಾಲಲ್ಲಿ ಕೂತು, ನಾನು ಕೇಳುವ ಮೊದಲೇ ಬೆಳಕನ್ನು ಬೇಕಾದ ಕಡೆಗೆ ತಿರುಗಿಸುವಳು. ಇಳಿಸಿದ ಕರಿ ಎಣ್ಣೆಗೆ ಊರಿನಲ್ಲಿ ಬೇಡಿಕೆಯಿತ್ತು. ಕುರಿದೊಡ್ಡಿಯ ಗೂಟಕ್ಕೆ, ಬಾಗಿಲಿನ ಚೌಕಟ್ಟಿಗೆ ಬಳಿದರೆ ಗೆದ್ದಲು ಹತ್ತುವುದಿಲ್ಲ. ಡಬ್ಬ ಹಿಡಿದುಕೊಂಡು ಬಂದವರಿಗೆ ಹೆಂಡತಿಯೇ ಅಳೆದು ಸುರಿದು ಕೊಡುತ್ತಿದ್ದಳು. ಅದಕ್ಕೇ ಅವಳಿಗೆ ಆಯಿಲಿನ ಬಣ್ಣ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ಹೊಸದು ಜೇನಿನ ಬಣ್ಣ. ದಿನ ಕಳೆದಂತೆ ಕಾಫಿ ಡಿಕಾಕ್ಷನ್. ಬದಲಿಸುವ ಕಾಲಕ್ಕೆ ಕಾಡಿಗೆ.

ನಮಗೆ ಮಕ್ಕಳಾಗಲಿಲ್ಲ. ಇದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನದು ಇದರಿಂದಲೇ ಬಂತು.

ನಾವು ಅಣ್ಣ ತಂಗಿ ಇಬ್ಬರೇ. ಅವ್ವ ಕುರಿ ಹಿಂದೆ ಹೋದರೆ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದವನು ನಾನು. ಅವಳನ್ನು ಓಮಲೂರಿನ ಆಚೆ, ಮೇಟೂರು ಕಡೆಯ ಒಂದು ಹಳ್ಳಿಗೆ ಕೊಟ್ಟೆವು. ಅವರೂ ನಮ್ಮ ಜನವೇ, ಕನ್ನಡದವರೇ. ಅವಳಿಗೆ ಹೆಣ್ಣು ಮಗು ಹುಟ್ಟಿ ತೊಟ್ಟಿಲು ಶಾಸ್ತ್ರಕ್ಕೆ ಕರೆದರು. ನಾವಿಬ್ಬರೂ ಹೋದೆವು. ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಮಗು ಹಾಲು ಕುಡಿದು ಆಗ ತಾನೇ ನಿದ್ದೆ ಹೋಗಿತ್ತು. ತಂಗಿಯ ಅತ್ತೆ ಬಂದು, "ಪಾಪೂಗೆ ಅಸಿವಾಗೈತೆ, ಕೊಡವ್ವ ಇಲ್ಲಿ," ಎಂದು ಅವಳ ಕೈಯಿಂದ ತೆಗೆದುಕೊಂಡರು. ನಿದ್ದೆಯಲ್ಲಿರುವ ಮಗುವಿಗೆ ಯಾವ ಹಸಿವು? ಆಮೇಲೆ ಮಗು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು, ನನ್ನ ಹೆಂಡತಿಯ ಕೈಗೆ ಮಾತ್ರ ಮತ್ತೆ ಬರಲಿಲ್ಲ. ತಂಗಿ ಅಲ್ಲೇ ಇದ್ದಳು. ತಲೆ ಬಗ್ಗಿಸಿ ಎಲೆ ಅಡಿಕೆ ಜೋಡಿಸುತ್ತಿದ್ದಳು. ಒಂದು ಮಾತು ಆಡಲಿಲ್ಲ.

ಊರಿಗೆ ಮರಳುವ ದಾರಿಯಲ್ಲಿ ತೊಪ್ಪೂರು ಘಾಟಿ ಹತ್ತುವಾಗ ನಾನು ಆ ವಿಷಯ ಎತ್ತಿದೆ. ಹೆಂಡತಿ ಹೊರಗೆ ನೋಡುತ್ತ, "ಗೇರ್ ಬದ್ಲಾಯ್ಸು, ಗಾಡಿ ಎಳೀತಿಲ್ಲ," ಅಂದಳು. ಅಷ್ಟೇ. ಅವಳು ಅದನ್ನು ಅಲ್ಲಿಗೇ ಬಿಟ್ಟಳು. ನಾನು ಬಿಡಲಿಲ್ಲ.

ಮಗುವಿಗೆ ನಡೆಯಲು ಬಂದ ಮೇಲೆ ಕಿವಿ ಚುಚ್ಚುವ ದಿನ ಗೊತ್ತುಮಾಡಿದರು. ನಮ್ಮಲ್ಲಿ ಅದಕ್ಕೆ ಸೋದರಮಾವನ ತೊಡೆಯೇ ಆಗಬೇಕು. ತಮಿಳರೂ ಹಾಗೆಯೇ, ಅವರು ತಾಯ್‌ಮಾಮನ್ ಅನ್ನುತ್ತಾರೆ. ನಮ್ಮ ಜನದಲ್ಲಿ ಅದರ ಜೊತೆಗೆ ಇನ್ನೊಂದಿದೆ. ಮಾವನಾದವನು ದೇವರ ಮುಂದೆ ಬರಿನೆಲದ ಮೇಲೆ ಕೂರುವಂತಿಲ್ಲ. ತನ್ನ ಮನೆಯ ಕರಿಕಂಬಳಿಯನ್ನು ತಂದು, ಹಾಸಿ, ಅದರ ಮೇಲೆ ಕೂತು ಮಗುವನ್ನು ತೆಗೆದುಕೊಳ್ಳಬೇಕು. ಆಗಲೇ ಆಚಾರಿ ಸೂಜಿ ಹಿಡಿಯುವುದು. ತಂಗಿ ಕರೆಯಲು ಬಂದಾಗ, "ನೀನಿಲ್ದೆ ನಡೆಯಲ್ಲ ಅಣ್ಣ," ಅಂದಳು. "ನಾನಿಲ್ದೆ ಎಂಗೆ ನಡೀತೈತೆ," ಅಂದೆ. ನಗುತ್ತಲೇ ಅಂದೆ.

ಆ ದಿನ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಳು. ಅವಳು ಹಿಂದಿನ ದಿನವೇ ಎಲ್ಲ ಕಟ್ಟಿಟ್ಟಿದ್ದಳು, ಮಗುವಿನ ಹೊಸ ಲಂಗ, ಓಲೆ, ಬೆಲ್ಲ ಹಾಕಿ ಕಲಸಿದ ಪುರಿ, ಮೇಲೆ ಮಡಿಸಿದ ಕಂಬಳಿ. ನಾನು ಕಾರಿನ ಬಳಿ ನಿಂತಿದ್ದೆ. ಅಲ್ಲಿ ಹೋದರೆ ಏನಾಗುತ್ತದೆ ಎಂಬುದು ಕಣ್ಣ ಮುಂದೆ ಬಂತು. ನನ್ನ ತೊಡೆಯ ಮೇಲೆ ಮಗುವನ್ನು ಕೂರಿಸಿ, ಮುದುಕಿಯರು ಸುತ್ತ ನಿಂತು, ನಿನ್ನ ಮನೆಯಲ್ಲಿ ತೊಟ್ಟಿಲು ಯಾವಾಗ ಅನ್ನುತ್ತಾರೆ. ಹೆಂಡತಿ ಹಿಂದೆ ಎಲ್ಲೋ ಚೀಲ ಹಿಡಿದು ನಿಂತಿರುತ್ತಾಳೆ. ತಂಗಿ ತಲೆ ಬಗ್ಗಿಸಿರುತ್ತಾಳೆ. ಅವಳೂ ಒಮ್ಮೆ ಕಾಯಲಿ, ಎಲ್ಲರ ಮುಂದೆ ಅವಳ ಮುಖವೂ ಒಂದು ಸಲ ಸಣ್ಣದಾಗಲಿ ಅಂದುಕೊಂಡೆ. ಕೆಟ್ಟ ಯೋಚನೆಯೇ. ಆಗ ಅದು ನ್ಯಾಯ ಅನ್ನಿಸಿತು.

ಇಂಜಿನ್ ಸ್ಟಾರ್ಟ್ ಮಾಡಿದರೆ ಸದ್ದು ಬಚ್ಚಲಿಗೆ ಕೇಳುತ್ತದೆ ಎಂದು ಬೆಚ್ಚಗೆ ಮಾಡದೆಯೇ ಕೆಳಗೆ ಮಲಗಿ ನಟ್ಟು ಬಿಚ್ಚಿದೆ. ತಣ್ಣನೆಯ ಆಯಿಲ್ ರಾಗಿ ಅಂಬಲಿಯ ಹಾಗೆ ಮೆಲ್ಲಗೆ, ಮಂದವಾಗಿ ಬೇಸಿನ್ನಿಗೆ ಇಳಿಯಿತು. ಅಷ್ಟರಲ್ಲಿ ಹೆಂಡತಿ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು.

"ಏನಿದು, ಒರಡೋ ಒತ್ನಾಗೆ?"

"ಆಯಿಲ್ ಕೆಟ್ಟೋಗಿತ್ತು. ಘಾಟಿ ಇಳೀಬೇಕಲ್ಲ."

ಅವಳು ಬಗ್ಗಿ ಬೇಸಿನ್ ನೋಡಿದಳು. ಬಿಸಿಲು ಆಗ ತಾನೇ ಅಂಗಳಕ್ಕೆ ಬರುತ್ತಿತ್ತು. ಆಯಿಲಿನ ಆಳದಲ್ಲಿ ಬೇಸಿನ್ನಿನ ತಳದ ಗೀರು ಕೂಡ ಕಾಣುತ್ತಿತ್ತು.

"ಮೊನ್ನೆ ತಾನೇ ಆಕಿದ್ದಲ್ವಾ ಇದು? ಇನ್ನೂ ಜೇನಿದ್ದಂಗೈತೆ."

ನಾನು ಸ್ಪ್ಯಾನರ್ ಒರೆಸುತ್ತ ಕೂತೆ.

"ಓಗ್ಲಿ ಬುಡು," ಅಂದಳು. "ಇದ್ನೇ ಬಟ್ಟೇಲಿ ಸೋಸಿ ವಾಪಸ್ ಉಯ್ಯಿ. ಇನ್ನೂ ಒತ್ತಾಗಿಲ್ಲ. ನಾನು ತೆಳೂ ಪಂಚೆ ತರ್ತೀನಿ ಇರು." ಒಳಗೆ ಹೋದಳು.

ಅವಳಿಗೆ ಎಲ್ಲ ಅರ್ಥವಾಗಿತ್ತು, ಆದರೂ ನನಗೆ ಹಿಂದಕ್ಕೆ ಬರಲು ಒಂದು ದಾರಿ ಮಾಡಿಕೊಟ್ಟು ಒಳಗೆ ಹೋಗಿದ್ದಳು. ಅವಳು ಪೆಟ್ಟಿಗೆ ತೆಗೆಯುವ ಸದ್ದು ಕೇಳಿಸಿತು. ನಾನು ಬೇಸಿನ್ನಿನ ಅಂಚಿಗೆ ಕಾಲು ಕೊಟ್ಟು ನೂಕಿದೆ. ಆಯಿಲ್ ಮಣ್ಣಿನ ಮೇಲೆ ಹರಡಿ, ಸ್ವಲ್ಪ ಹೊತ್ತು ಹೊಳೆದು, ಇಂಗಿತು.

ಅವಳು ಪಂಚೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಳು. ನಾನು, "ಮೇಕೆ ಒದ್ಬುಡ್ತು," ಅಂದೆ.

ನಮ್ಮಲ್ಲಿ ಆಗ ಕುರಿಗಳ ಜೊತೆ ಒಂದೇ ಒಂದು ಮೇಕೆ ಇತ್ತು. ಅದು ಹಿತ್ತಲಿನ ಕಡೆ ಹುಣಸೆ ಮರಕ್ಕೆ ಕಟ್ಟಿಹಾಕಿದ್ದಲ್ಲೇ ಸೊಪ್ಪು ತಿನ್ನುತ್ತಿತ್ತು. ಹೆಂಡತಿ ಆ ಕಡೆ ಒಮ್ಮೆ ನೋಡಿದಳು. "ಊಂ," ಅಂದಳು. ಪಂಚೆಯನ್ನು ಬಿಚ್ಚದೆ ಇದ್ದ ಮಡಿಕೆಯಲ್ಲೇ ಮತ್ತೊಮ್ಮೆ ಮಡಿಸಿದಳು.

"ಬಸ್ಸಲ್ಲಿ ಓಗಾನ, ಏಳು."

"ನೀನು ಮುಂದೆ ಓಗಿರು. ನಾನು ಮೊರಪ್ಪೂರಲ್ಲಿ ಆಯಿಲ್ ತಂದು ಆಕ್ಕಂಡು ಕಾರಲ್ಲೇ ಇಂದೆ ಬತ್ತೀನಿ. ನಿನ್ನ ಬಸ್ಸು ಓಮಲೂರು ಸೇರೋಕೆ ಮುಂಚೇನೇ ಇಡ್ಕತೀನಿ."

"ಬತ್ತೀಯ ತಾನೇ?"

"ಬತ್ತೀನಂದ್ನಲ್ಲ."

ಅವಳು ಕಂಬಳಿಯಿದ್ದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಧರ್ಮಪುರಿಯಲ್ಲಿ ಬಸ್ಸು ಬದಲಿಸಿ, ಓಮಲೂರಿನಲ್ಲಿ ಇಳಿದು, ಅಲ್ಲಿಂದ ಮಿನಿ ಬಸ್ಸು. ಆ ಗಂಟನ್ನು ಹೊತ್ತುಕೊಂಡು ಒಬ್ಬಳೇ.

ನಾನು ಮೊರಪ್ಪೂರಿಗೆ ಹೋದೆ. ಆಯಿಲ್ ಕೊಂಡೆ. ಮನೆಗೆ ಬರದೆ ಸ್ಟೇಷನ್ನಿಗೆ ಹೋಗಿ ಬೆಂಚಿನ ಮೇಲೆ ಕೂತೆ, ಆಯಿಲ್ ಡಬ್ಬ ಪಕ್ಕದಲ್ಲಿ. ಸೇಲಂ ಕಡೆಗೆ ಹೋಗುವ ಪ್ಯಾಸೆಂಜರ್ ಬಂತು, ನಿಂತಿತು, ಜನ ಹತ್ತಿದರು. ಅದನ್ನು ಹತ್ತಿದ್ದರೂ ಹೊತ್ತಿಗೆ ಸೇರುತ್ತಿದ್ದೆನೋ ಏನೋ. ಒಬ್ಬ ಮುದುಕ ಕಿಟಕಿಯಿಂದ, "ಏರಲೆಯಾ?" ಎಂದು ಕೇಳಿದ, ಹತ್ತುವುದಿಲ್ಲವೇ ಅಂತ. ಇಲ್ಲ ಎಂದು ಕೈಯಾಡಿಸಿದೆ. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಾನು, ಡಬ್ಬ, ಒಂದು ನಾಯಿ. ತಂಗಿಯ ಮುಖ ಸಣ್ಣದಾಗಲಿ ಅಂದುಕೊಂಡವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಆಯಿಲ್ ಹಾಕಿ ಇಂಜಿನ್ ಓಡಿಸಿದೆ. ಚೆನ್ನಾಗಿಯೇ ಓಡಿತು. ಆಗಲೂ ಹೋಗಬಹುದಿತ್ತು, ಊಟಕ್ಕಾದರೂ ಆಗುತ್ತಿತ್ತು. ಆಫ್ ಮಾಡಿ ಒಳಗೆ ಬಂದೆ.

ಸಂಜೆ ಹೆಂಡತಿ ಬಂದಳು. ಕಂಬಳಿಯ ಮೇಲೆ ಅರಿಶಿನದ ಕಲೆ ಇತ್ತು. ನನ್ನನ್ನು ಕಾದು ಕಾದು, ಆಚಾರಿಗೆ ಬೇರೆ ಕಡೆ ಹೋಗಬೇಕಾಗಿ, ಕೊನೆಗೆ ಹಿರಿಯರು ನನ್ನ ಕಂಬಳಿಯನ್ನೇ ದಪ್ಪಗೆ ಮಡಿಸಿ, ಅದೇ ಸೋದರಮಾವ ಎಂದು ಕೈಮುಗಿದು, ಅದರ ಮೇಲೆ ಮಗುವನ್ನು ಕೂರಿಸಿ ಕಿವಿ ಚುಚ್ಚಿಸಿದ್ದರು. ಯಾರೋ, "ಮಾಮ ಮೆತ್ತಗವ್ನೆ, ಪಾಪೂಗೆ ಸುಖ," ಅಂದರಂತೆ. ಎಲ್ಲರೂ ನಕ್ಕರಂತೆ. ಇಷ್ಟನ್ನೂ ಹೆಂಡತಿ ಕಾಲು ತೊಳೆಯುತ್ತ ಹೇಳಿದಳು.

"ಪಾಪು ಅತ್ತಳಾ?" ಎಂದು ಕೇಳಿದೆ.

"ಚೂರೂ ಅಳ್ಲಿಲ್ಲ. ನೀನಿದ್ದಿದ್ರೆ ನೀನು ಅಳ್ತಿದ್ದೆ."

ತಂಗಿ ಏನಂದಳು ಎಂದು ಕೇಳಲಿಲ್ಲ. ಹೆಂಡತಿಯೂ ಹೇಳಲಿಲ್ಲ. ತಂಗಿ ಕೊಟ್ಟುಕಳಿಸಿದ್ದ ಪಾಯಸದ ಡಬ್ಬ, ಬಾಳೆ ಎಲೆಯಲ್ಲಿ ಕಟ್ಟಿದ್ದ ವಡೆ ನನ್ನ ಮುಂದೆ ಇಟ್ಟಳು. ತಿಂದೆ.

ಹೆಂಡತಿ ಅಲ್ಲಿ ಹೇಳಿದ್ದ ಮೇಕೆಯ ಕಥೆ ಆಮೇಲೆ ನಮ್ಮ ಜನದಲ್ಲಿ ಹರಡಿತು. ಯಾವ ಮದುವೆಗೆ ಹೋದರೂ, "ಏನಪ್ಪಾ ತಾಯ್‌ಮಾಮ, ಮೇಕೆ ಕಟ್ಟಾಕಿ ಬಂದ್ಯಾ?" ಎಂದು ಯಾರಾದರೂ ಕೇಳುವವರೇ. ನಾನು ನಗುತ್ತಿದ್ದೆ. ತಂಗಿಯೂ ನಗುತ್ತಿದ್ದಳು. ಆ ಮೇಕೆ ನನ್ನನ್ನು ನೋಡಿದರೆ ಸುಮ್ಮನೆ ಸೊಪ್ಪಿಗಾಗಿ ಕೂಗುತ್ತಿತ್ತು, ನನಗೆ ಮಾತ್ರ ಅದರ ಮುಖ ನೋಡಲಾಗುತ್ತಿರಲಿಲ್ಲ. ಹರೂರಿನ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದೆ. ಮಾರಿದ ಮೇಲೂ ಕಥೆ ಉಳಿಯಿತು.

ಹೇಳಿಬಿಡಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಫೋನಿನಲ್ಲಿ, ಏನ್ ಕಣ್ಣು ಎಂದು ಶುರುಮಾಡಿ ಮಳೆ, ಕುರಿ, ಮಂಡಿನೋವು ಎಲ್ಲ ಮಾತಾಡಿ ಇಟ್ಟುಬಿಡುತ್ತಿದ್ದೆ. ತಂಗಿಯನ್ನು ನಾನು ಕಣ್ಣು ಎಂದೇ ಕರೆಯುವುದು, ತಮಿಳರು ಮಕ್ಕಳನ್ನು ಕರೆಯುವ ಹಾಗೆ. ಹೆಂಡತಿ ಜ್ವರ ಬಂದು ತೀರಿಹೋದಾಗ ತಂಗಿ ಬಂದು ಕಾರ್ಯ ಮುಗಿಯುವವರೆಗೆ ಇದ್ದಳು. ನನಗೆ ಬಡಿಸಿದಳು, ನನ್ನ ಬಟ್ಟೆ ಒಗೆದಳು. ಆಗಲಾದರೂ ಹೇಳಬಹುದಿತ್ತು. ಹೆಂಡತಿಯ ಸೀರೆಗಳನ್ನು ಮಡಿಸುತ್ತ ಕೂತಿದ್ದವಳ ಮುಂದೆ ಬಾಯಿ ತೆರೆದೆ. "ಏನಣ್ಣ?" ಅಂದಳು. "ನೀರು," ಅಂದೆ. ತಂದುಕೊಟ್ಟಳು.

ಈಗ ಮನೆಯಲ್ಲಿ ನಾನೊಬ್ಬನೇ. ಕುರಿ ಮಾರಿಯಾಯಿತು. ಆ ಕಾರು ಹೋಗಿ ಇನ್ನೊಂದು ಹಳೆಯದು ಬಂದಿದೆ, ಅದೂ ಹೆಚ್ಚು ಓಡುವುದಿಲ್ಲ. ಆದರೂ ಆಯಿಲ್ ಬದಲಿಸುತ್ತೇನೆ. ಬದಲಿಸುವಷ್ಟು ಕೆಟ್ಟಿರುವುದಿಲ್ಲ, ಒಂದು ಬೆಳಿಗ್ಗೆ ಕಳೆಯುತ್ತದೆ. ಟಾರ್ಚನ್ನು ಇಟ್ಟಿಗೆಯ ಮೇಲೆ ಇಡುತ್ತೇನೆ. ನಾನು ಕೈ ಸರಿಸಿದರೆ ಬೆಳಕು ಸರಿಯುವುದಿಲ್ಲ, ಎದ್ದು ಬಂದು ಇಟ್ಟಿಗೆ ತಿರುಗಿಸಿ ಮತ್ತೆ ಕೆಳಗೆ ತೂರಬೇಕು. ಗೆದ್ದಲಿಗೆ ಅಂತ ಎಣ್ಣೆ ಕೇಳಿಕೊಂಡು ಯಾರೂ ಬರುವುದಿಲ್ಲ, ಈಗ ಎಲ್ಲರ ಚೌಕಟ್ಟೂ ಸಿಮೆಂಟಿನದು. ಕ್ಯಾನುಗಳಲ್ಲಿ ತುಂಬಿಸಿ ಗೋಡೆಗೆ ಸಾಲಾಗಿ ಇಟ್ಟಿದ್ದೇನೆ. ಬೀದಿಯಲ್ಲಿ ಎಲ್ಲರ ಜೊತೆ ತಮಿಳು. ಕನ್ನಡ ಆಡುವುದು ತಂಗಿಯ ಫೋನ್ ಬಂದಾಗ ಮಾತ್ರ. ಅವಳು ಫೋನ್ ಮಾಡದ ವಾರ ನನ್ನ ಬಾಯಿಂದ ಒಂದು ಕನ್ನಡ ಮಾತೂ ಬಂದಿರುವುದಿಲ್ಲ. ಒಮ್ಮೆ ನಟ್ಟು ಜಾರಿ ಬೇಸಿನ್ನಿನೊಳಗೆ ಬಿದ್ದಾಗ, "ಥೂ, ಬಿತ್ತಲ್ಲ," ಎಂದು ನಾನೇ ಅಂದದ್ದು ಕೇಳಿ, ಯಾರೋ ಬಂದರೇನೋ ಅನ್ನಿಸಿ ತಲೆಯೆತ್ತಿ ನೋಡಿದ್ದೇನೆ.

ಈ ಸಲ ಸಂಕ್ರಾಂತಿ ಬಂದು ತೈ ತಿಂಗಳು ಹುಟ್ಟುವುದಕ್ಕೆ ಮುಂಚೆ ಒಂದು ದಿನ, ಬೆಳಗಿನ ಹೊತ್ತಿನಲ್ಲಿ ಮನೆಯ ಮುಂದೆ ಒಂದು ಕಾರು ಬಂದು ನಿಂತಿತು. ಓಡಿಸುತ್ತಿದ್ದವಳು ತಂಗಿಯ ಮಗಳು, ಪಕ್ಕದಲ್ಲಿ ತಂಗಿ. ಮಗಳಿಗೆ ಸೇಲಂನಲ್ಲಿ ಕೆಲಸ. ಕಾರು ಅವಳೇ ತೆಗೆದುಕೊಂಡದ್ದು, ಸೆಕೆಂಡ್ ಹ್ಯಾಂಡು. ಇಳಿಯುತ್ತಲೇ ಅವಳು, "ಮಾಮಾ, ಆಯಿಲ್ ಲೈಟ್ ಎರಿಯುದು," ಅಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳೇ.

"ಎಲ್ಲಿಂದ ಉರೀತೈತೆ?"

"ತೊಪ್ಪೂರ್ ತಾಂಡಿ."

"ತೊಪ್ಪೂರು ದಾಟಿದಾಗ್ಲಿಂದ ಅಂಗೇ ಓಡಿಸ್ಕಂಡು ಬಂದ್ಯಾ? ಇಂಜಿನ್ ಇಡ್ಕಂಡಿದ್ರೆ ಏನ್ ಗತಿ?"

"ಅವ್ಳನ್ಯಾಕೆ ಬೈತೀಯ," ಎಂದಳು ತಂಗಿ, ತಟ್ಟೆ, ಹೂವು, ಎಲೆ ಅಡಿಕೆ ಹಿಡಿದು ಇಳಿಯುತ್ತ. "ನಾನೇ ಯೋಳಿದ್ದು. ದೀಪ ತಾನೇ, ಮಂಗಳಕಾರ್ಯಕ್ಕೆ ಓಗೋವಾಗ ಉರೀಲಿ ಬುಡು ಅಂತ."

ಬಹಳ ದಿನದ ಮೇಲೆ ನಾನು ಗಟ್ಟಿಯಾಗಿ ನಕ್ಕೆ.

ಮಗಳಿಗೆ ಮದುವೆ ಗೊತ್ತಾಗಿತ್ತು. ತಂಗಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಹೆಣ್ಣನ್ನು ಕೈಹಿಡಿದು ಹಸೆಗೆ ಕರೆತರಬೇಕಾದವನು ನೀನೇ ಎಂದು ನೆನಪಿಸಿದಳು. ತಟ್ಟೆ ತೆಗೆದುಕೊಂಡೆ. ಎಲ್ಲಿಡಬೇಕು ಎಂದು ತಿಳಿಯದೆ ಕೊನೆಗೆ ಒಳಗೆ ಒಯ್ದು ಇಟ್ಟು ಬಂದೆ. ಎಲ್ಲರ ಮುಂದೆ ಆ ಹುಡುಗಿಯ ಕೈ ಹಿಡಿದುಕೊಂಡು ನಡೆಯಬೇಕು, ಆ ಸುಳ್ಳನ್ನು ಒಳಗೆ ಇಟ್ಟುಕೊಂಡೇ. ಆಗುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಹೋಗಿ ಕಾರಿನ ಬಾನೆಟ್ ಎತ್ತಿದೆ. ಕೈಗೆ ಕೆಲಸ ಕೊಡುವುದು ನನಗೆ ಯಾವಾಗಲೂ ಸುಲಭ.

ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ತೆಗೆದೆ. ತುದಿಯಲ್ಲಿ ಮಾತ್ರ ಒಂದು ಕರಿ ಹನಿ. ಆಯಿಲ್ ನನ್ನ ಬಳಿ ಇತ್ತು, ಆ ಕಾರಿನ ಫಿಲ್ಟರ್ ಇರಲಿಲ್ಲ. ಮಗಳು ನನ್ನ ಮೊಪೆಡ್ ತೆಗೆದುಕೊಂಡು ಮೊರಪ್ಪೂರಿಗೆ ಹೋದಳು. ನಾನು ಕಾರನ್ನು ಎತ್ತಿ, ದಿಮ್ಮಿ ಕೊಟ್ಟು, ಚಾಪೆ ಹಾಸಿ ಕೆಳಗೆ ಜರುಗಿದೆ. ತಂಗಿ ಸ್ಟೂಲ್ ಎಳೆದುಕೊಂಡು ಕೂತು, "ಕೊಡು, ಟಾರ್ಚ್ ಇಡ್ಕತೀನಿ," ಅಂದಳು.

"ಬೆಳಕ ನಿನ್ ಕಾಲಿಗೇ ಬುಟ್ಕಂಡಿದ್ದೀಯಲ್ಲ. ಇಂಜಿನ್ ಇಲ್ಲೈತೆ."

"ನಿನ್ ಇಂಜಿನ್ ಎಲ್ಲೈತೆ ಅಂತ ನನಗೇನ್ಲಾ ಗೊತ್ತು." ಚಿಕ್ಕವಳಿದ್ದಾಗ ಬೈಸಿಕೊಂಡರೂ ಬಿಡದೆ ನನಗೆ ಲಾ ಅನ್ನುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಮತ್ತೆ ಅಂದಳು.

ಅವಳು ಕಾಣುತ್ತಿರಲಿಲ್ಲ. ನಾನು ಮಲಗಿದ್ದ ಕಡೆಯಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು. ಹಿಮ್ಮಡಿ ಒಡೆದಿತ್ತು, ಕಾಲುಂಗುರ ಸವೆದಿತ್ತು. ನನ್ನ ಸೊಂಟದ ಎರಡು ಕಡೆ ಜೋತಾಡುತ್ತಿದ್ದ ಪಾದಗಳಿಗೆ ಇಷ್ಟು ವಯಸ್ಸಾಗಿದೆ ಎಂದು ನನಗೆ ತಿಳಿದಿರಲಿಲ್ಲ.

ನಟ್ಟು ಬಿಗಿಯಾಗಿತ್ತು. ಸ್ಪ್ಯಾನರ್ ಕೊಟ್ಟು ಜಗ್ಗಿದೆ.

"ಈ ಸಾರಿ ಬತ್ತೀಯೋ, ಕಂಬಳಿ ಕಳಿಸ್ತೀಯೋ?" ಎಂದು ಮೇಲಿನಿಂದ ಕೇಳಿದಳು. ನಗುತ್ತಿದ್ದಳು. ನಟ್ಟು ಬಿಟ್ಟುಕೊಂಡಿತು. ಆಯಿಲ್ ಮುಂಗೈ ಮೇಲೆ ಬೆಚ್ಚಗೆ ಹರಿದು ಬೇಸಿನ್ನಿಗೆ ಬಿದ್ದಿತು. ಕಾಡಿಗೆಯಷ್ಟು ಕಪ್ಪು. ನಾನು ಮುಂಗೈಯನ್ನು ಚಾಪೆಗೆ ಒರೆಸಿಕೊಂಡೆ. ಅವಳ ನಗು ನಿಂತಿತು.

"ಬೇಜಾರ್ ಮಾಡ್ಕಬ್ಯಾಡ ಅಣ್ಣ, ತಮಾಸೆಗೆ ಅಂದೆ." ಆಮೇಲೆ ದನಿ ತಗ್ಗಿಸಿದಳು. "ಒಂದ್ ಮಾತು ಯೋಳ್ಬೇಕು ಅಂತ ಬಾಳ ದಿನದಿಂದ ಐತೆ. ತೊಟ್ಲು ಶಾಸ್ತ್ರದ ದಿನ ನಮ್ಮತ್ತೆ ಪಾಪೂನ ಅತ್ಗೆ ಕೈಯಿಂದ ಕಿತ್ಕಂಡ್ರಲ್ಲ, ನಾನು ನೋಡ್ದೆ. ಬಾಯಿ ಬರ್ಲಿಲ್ಲ. ಒಸದಾಗಿ ಓಗಿದ್ದ ಮನೆ. ಅತ್ಗೆ ಸಾಯೋಗಂಟ ಅದ್ನ ಒಂದಿನ ಎತ್ತಿ ಆಡ್ಲಿಲ್ಲ."

ಧಾರೆ ತೆಳುವಾಗುತ್ತಿತ್ತು.

"ಕಿವಿ ಚುಚ್ಚೋ ದಿನ ನೀನು ಬರ್ಲಿಲ್ವಲ್ಲ, ಆ ಸಿಟ್ಟಿಗೇ ಬರ್ಲಿಲ್ಲ ಅಂತ ಮೊದ್ಲು ಅಂದ್ಕಂಡೆ. ದೇವ್ರ ಗುಡಿ ಇಂದೆ ಓಗಿ ಒಬ್ಳೇ ಅಳ್ತಾ ನಿಂತಿದ್ದೆ. ಅತ್ಗೇನೇ ಬಂದು ಕಣ್ಣೊರ್ಸಿದ್ರು. ಮೇಕೆ ಒದ್ದದ್ದ ನಾನೇ ಕಣ್ಣಾರೆ ಕಂಡೆ ಕಣವ್ವ, ನಿಮ್ಮಣ್ಣ ತಲೆ ಮ್ಯಾಲೆ ಕೈ ಒತ್ಕಂಡು ಕುಂತವ್ರೆ ಅಂತ ದೇವ್ರ ಮುಂದೆ ಕರ್ಪೂರ ಮುಟ್ಟಿ ಯೋಳಿದ್ರು. ಅತ್ಗೆ ಸುಳ್ಳಾಡೋರಲ್ಲ. ಆಗ ನನ್ನ ಜೀವ ತಣ್ಣಗಾಯ್ತು. ಅಣ್ಣನಿಗೆ ನನ್ ಮ್ಯಾಲೆ ಕ್ವಾಪ ಇಲ್ಲ ಅಂತ."

ಇದು ನನಗೆ ಗೊತ್ತಿರಲಿಲ್ಲ. ಮೇಕೆಯ ಕಥೆಯನ್ನು ಹೆಂಡತಿ ಅಲ್ಲಿ ಹೇಳಿದ್ದಳು ಎಂದು ಗೊತ್ತಿತ್ತು. ಕರ್ಪೂರ ಮುಟ್ಟಿದ್ದು ಗೊತ್ತಿರಲಿಲ್ಲ. ಮಗುವನ್ನು ಯಾರ ಕೈಯಿಂದ ಕಿತ್ತುಕೊಂಡರೋ ಆ ಹೆಂಗಸು, ಎಲ್ಲಿ ಅವಳನ್ನು ಹತ್ತಿರ ಕರೆಯಲಿಲ್ಲವೋ ಅದೇ ಊರಿನಲ್ಲಿ ನಿಂತು, ನನಗಾಗಿ, ನನ್ನ ತಂಗಿಗಾಗಿ, ದೇವರ ಮುಂದೆ ಸುಳ್ಳು ಹೇಳಿದ್ದಳು. ಆಮೇಲೆ ಬಸ್ಸು ಹತ್ತಿ ಬಂದು, ಕಾಲು ತೊಳೆಯುತ್ತ, ಪಾಪು ಅಳಲಿಲ್ಲ ಎಂದಿದ್ದಳು. ನನ್ನನ್ನು ಒಂದು ಮಾತೂ ಕೇಳಿರಲಿಲ್ಲ.

ಈಗ ನಾನು ಬಾಯಿ ಬಿಟ್ಟರೆ ಅವಳ ಮಾತು ಸುಳ್ಳಾಗುತ್ತದೆ. ತಂಗಿಯ ಮನಸ್ಸಿನಲ್ಲಿ ಅತ್ತಿಗೆ ಸುಳ್ಳಾಡದವಳಾಗಿ ಉಳಿದಿದ್ದಾಳೆ, ಹಾಗೇ ಇರಲಿ, ಸತ್ತವಳನ್ನು ಈಗ ಯಾಕೆ ಎಳೆಯಬೇಕು ಎಂದು ಒಂದು ಮನಸ್ಸು ಹೇಳಿತು. ಆ ಮನಸ್ಸನ್ನು ನಾನು ಚೆನ್ನಾಗಿ ಬಲ್ಲೆ. ಸ್ಟೇಷನ್ ಬೆಂಚಿನ ಮೇಲೆ ಕೂತಿದ್ದಾಗಲೂ ಅದು ಹೆಂಡತಿಯ ಹೆಸರು ಹೇಳಿಯೇ ನನ್ನನ್ನು ಕೂರಿಸಿತ್ತು. ಅವಳ ಮಾನಕ್ಕಾಗಿ ಹೋಗುತ್ತಿಲ್ಲ ಅಂತ. ಅವಳಂತೂ ಮಗುವಿನ ಹೊಸ ಲಂಗ ಗಂಟು ಕಟ್ಟಿಕೊಂಡು ಹೊರಟು ನಿಂತಿದ್ದಳು.

ಆಯಿಲ್ ಹನಿ ಹನಿಯಾಗಿ ಬೀಳುತ್ತಿತ್ತು. ತಂಗಿ, "ಆಯ್ತಾ ಅಣ್ಣ? ಕೈ ನೋಯ್ತೈತೆ," ಎಂದು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಬೆಳಕು ನನ್ನ ಮುಖದ ಮೇಲೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. 

"ಕಣ್ಣು," ಅಂದೆ, "ಮೇಕೆ ಕಟ್ಟಾಕಿತ್ತು. ಆಯಿಲ್ ಚೆಲ್ಲಿದ್ದು ನಾನು, ಕಾಲಲ್ಲಿ ನೂಕಿ ಚೆಲ್ದೆ. ನಿಮ್ಮತ್ಗೆ ಬಟ್ಟೇಲಿ ಸೋಸಿ ಆಕು, ಓಗಾನ ಅಂದ್ಲು. ಅವ್ಳು ಬರೋದ್ರೊಳಗೆ ಚೆಲ್ಬುಟ್ಟೆ. ನಿನ್ನ ಮ್ಯಾಲೆ ಕ್ವಾಪ ಇತ್ತು ನನಗೆ. ಅವ್ಳು ಸುಳ್ಳಾಡಿದ್ದು ನಿನ್ನ ಅಳು ನಿಲ್ಸಾಕೆ, ಅದ್ನ ಅವ್ಳ ಮ್ಯಾಲೆ ಆಕ್ಬ್ಯಾಡ, ಆ ಪಾಪ ನಂದು. ನೀನು ದಾರಿ ನೋಡ್ಕಂಡು ನಿಂತಿರ್ತೀಯ ಅಂತ ಗೊತ್ತಿದ್ದೇ ನಾನು ಬರ್ಲಿಲ್ಲ. ತಪ್ಪಾಯ್ತು, ಕಣ್ಣು. ನನ್ನ ಮನ್ನಿಸ್ಬುಡು."